ರಸ್ತೆ ಬದಿ ದೀಪ ಮಿನುಗುತ್ತಿದೆ: ವೇಗ ಎಷ್ಟು ಇಳಿಸಬೇಕು, ಎಲ್ಲಿಂದ ಇಳಿಸಬೇಕು?

ಹೆದ್ದಾರಿ ಅಂಚಿನಲ್ಲಿ ಕಾರಿನ ಚಕ್ರ ಬದಲಿಸುವವರನ್ನು ಹತ್ತಿರದಿಂದ ನೋಡಿದ್ದೀರಾ? ಮೊದಲು ನೆಲಕ್ಕೆ ಮಂಡಿ ಊರುತ್ತಾರೆ. ಸ್ಪ್ಯಾನರ್ ಹಾಕಿ, ಮೈಭಾರ ಬಿಟ್ಟು, ಒಂದೊಂದೇ ನಟ್ ಸಡಿಲ ಮಾಡುತ್ತಾರೆ. ಆಮೇಲೆ ಜಾಕ್ ಏರಿಸಿ, ಚಕ್ರ ಹೊರಗೆಳೆದು, ಸ್ಟೆಪ್ನಿ ಕೂರಿಸುತ್ತಾರೆ. ಪಂಚರ್ ಆಗಿದ್ದು ವಾಹನಗಳು ಹಾದುಹೋಗುವ ಕಡೆಯ ಚಕ್ರವಾದರೆ, ಇಷ್ಟೂ ಹೊತ್ತು ಅವರ ಬೆನ್ನು ರಸ್ತೆಯ ಕಡೆಗೇ ಇರುತ್ತದೆ. ಹಿಮ್ಮಡಿಗೂ ಲೇನಿನ ಬಿಳಿ ಗೆರೆಗೂ ನಡುವೆ ಕೆಲವೊಮ್ಮೆ ಎರಡು ಗೇಣು ಜಾಗವೂ ಇರುವುದಿಲ್ಲ. ಹಿಂದಿನಿಂದ ಏನು ಬರುತ್ತಿದೆ ಅಂತ ಕಣ್ಣಿಗೆ ಕಾಣದು, ಕಿವಿಯೊಂದೇ ದಿಕ್ಕು.

ಒಮ್ಮೆ ನನ್ನ ಕಾರಿನ ಕ್ಲಚ್ ಕೈಕೊಟ್ಟು ಹೀಗೇ ಹೆದ್ದಾರಿ ಅಂಚಿನಲ್ಲಿ ನಿಂತಿದ್ದೆ. ಅದೇ ರಸ್ತೆಯಲ್ಲಿ ಎಷ್ಟೋ ವರ್ಷ ನೂರರ ವೇಗದಲ್ಲಿ ಓಡಾಡಿದವನು ನಾನು. ಆದರೆ ನೂರು ಅಂದರೆ ಎಷ್ಟು ವೇಗ ಅಂತ ಗೊತ್ತಾಗಿದ್ದು ಅವತ್ತು ಕಾಲ ಮೇಲೆ ನಿಂತಾಗ. ಕಾರಿನೊಳಗೆ ಕೂತಾಗ ಸದ್ದಿಲ್ಲದೆ ಸರಿಯುವ ರಸ್ತೆ, ಹೊರಗೆ ನಿಂತವನಿಗೆ ಪ್ರತಿ ಲಾರಿಗೂ ಒಂದು ಹೊಡೆತ. ಮೆಕ್ಯಾನಿಕ್ ಬಂದು ಗಾಡಿ ನಿಲ್ಲಿಸಿದರು, ಆದರೆ ತಕ್ಷಣ ಇಳಿಯಲಿಲ್ಲ. ಮಿರರ್ ನೋಡುತ್ತಾ ಕೂತರು. ಎಂಟು ವಾಹನ ಹೋದ ಮೇಲೆ ಬಾಗಿಲು ತೆರೆದರು.

ಇಂಥ ಜಾಗ ದಾಟುವಾಗ ವೇಗ ಇಳಿಸಿ, ಸಾಧ್ಯವಾದರೆ ಪಕ್ಕದ ಲೇನಿಗೆ ಸರಿಯಿರಿ ಎನ್ನುವುದು ಈಗ ಹಲವು ದೇಶಗಳಲ್ಲಿ ಕಾನೂನು. ಕೇಳಲು ಬಹಳ ಸರಳ. ಹಾಗಿದ್ದರೆ ಅದಕ್ಕೆ ಕಾನೂನು ಯಾಕೆ ಬೇಕಾಯಿತು, ಕಣ್ಣೆದುರೇ ದೀಪ ಮಿನುಗುತ್ತಿದ್ದರೂ ಜನ ಯಾಕೆ ತಡವಾಗಿ ಬ್ರೇಕ್ ಹಾಕುತ್ತಾರೆ ಅನ್ನುವುದು ಅಷ್ಟು ಸರಳವಲ್ಲ. ಅದರಲ್ಲಿ ಸ್ವಲ್ಪ ಲೆಕ್ಕ ಇದೆ, ಸ್ವಲ್ಪ ಕಣ್ಣಿನ ಮೋಸ ಇದೆ.

ನಿಯಮ ಹುಟ್ಟಿದ್ದು ಹೇಗೆ

1994ರ ಜನವರಿಯಲ್ಲಿ ಅಮೆರಿಕದ ಸೌತ್ ಕೆರೊಲಿನಾ ರಾಜ್ಯದಲ್ಲಿ ಜೇಮ್ಸ್ ಗಾರ್ಸಿಯಾ ಎಂಬ ಆಂಬುಲೆನ್ಸ್ ಸಿಬ್ಬಂದಿ ಅಪಘಾತವೊಂದರ ಸ್ಥಳದಲ್ಲಿ ಕೆಲಸ ಮಾಡುತ್ತಿದ್ದರು. ಹಾದುಹೋಗುತ್ತಿದ್ದ ವಾಹನವೊಂದು ಅವರಿಗೆ ಗುದ್ದಿತು. ಅವರು ಬದುಕಿದರು. ಆದರೆ ಪೊಲೀಸ್ ವರದಿಯಲ್ಲಿ ತಪ್ಪು ಯಾರದ್ದು ಅಂತ ಬರೆದಿತ್ತು ಗೊತ್ತಾ? ಗಾರ್ಸಿಯಾ ಅವರದ್ದೇ! ರಸ್ತೆಯಲ್ಲಿ ನಿಂತಿದ್ದವರು ಅವರು, ಅದಕ್ಕೆ. ಕೆಲಸದ ಮೇಲೆ ರಸ್ತೆಯಲ್ಲಿ ನಿಲ್ಲಲೇಬೇಕಾದವರಿಗೆ ಕಾನೂನಿನಲ್ಲಿ ಬೇರೆ ರಕ್ಷಣೆಯೇ ಇರಲಿಲ್ಲ. ಅವರು ಪಟ್ಟುಹಿಡಿದು ಓಡಾಡಿದರು. 1996ರಲ್ಲಿ ಆ ರಾಜ್ಯ ಕಾನೂನು ಮಾಡಿತು. ಒಂದೊಂದಾಗಿ ಬೇರೆ ರಾಜ್ಯಗಳೂ ಮಾಡಿದವು. 2012ರಲ್ಲಿ ಹವಾಯಿ ಸೇರುವುದರೊಂದಿಗೆ 50 ರಾಜ್ಯಗಳಲ್ಲೂ ಈ ನಿಯಮ ಬಂತು. ಇಂಗ್ಲಿಷಿನಲ್ಲಿ ಇದಕ್ಕೆ ‘ಮೂವ್ ಓವರ್’ ಕಾನೂನು ಅನ್ನುತ್ತಾರೆ, ಅಂದರೆ ‘ಸರಿದು ಹೋಗಿ’.

ಮೊದಮೊದಲು ಇದು ಪೊಲೀಸ್, ಅಗ್ನಿಶಾಮಕ, ಆಂಬುಲೆನ್ಸ್ ಸಿಬ್ಬಂದಿಗೆ ಮಾತ್ರ ಇದ್ದ ರಕ್ಷಣೆ. ಕೆಟ್ಟ ವಾಹನ ಎಳೆದೊಯ್ಯುವ ಟೋಯಿಂಗ್ ಚಾಲಕರು, ರಸ್ತೆಯಲ್ಲೇ ರಿಪೇರಿ ಮಾಡುವ ಮೆಕ್ಯಾನಿಕ್‌ಗಳು ಲೆಕ್ಕಕ್ಕೆ ಬಂದಿದ್ದು ತಡವಾಗಿ. ಕೆನಡಾದ ಒಂಟಾರಿಯೊ ಪ್ರಾಂತ್ಯದಲ್ಲಿ 2015ರಲ್ಲಿ ಟೋಯಿಂಗ್ ವಾಹನಗಳನ್ನೂ ಸೇರಿಸಿದರು. ಅಮೆರಿಕದ ಫ್ಲಾರಿಡಾ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, 2024ರ ಜನವರಿಯಿಂದ, ಕೆಟ್ಟು ನಿಂತು ಹಜಾರ್ಡ್ ದೀಪ ಹಾಕಿಕೊಂಡಿರುವ ಸಾಮಾನ್ಯ ಜನರ ವಾಹನಕ್ಕೂ ಇದೇ ನಿಯಮ ಅಂದಿತು.

ವೇಗ ಎಷ್ಟಕ್ಕೆ ಇಳಿಸಬೇಕು ಅನ್ನುವುದರಲ್ಲಿ ಒಬ್ಬೊಬ್ಬರದು ಒಂದೊಂದು ಲೆಕ್ಕ. ಅಮೆರಿಕದಲ್ಲಿ ಸಾಮಾನ್ಯವಾಗಿ, ಪಕ್ಕದ ಲೇನಿಗೆ ಸರಿಯಿರಿ, ಆಗದಿದ್ದರೆ ವೇಗ ಇಳಿಸಿ ಎಂಬ ಮಾತು. ಟೆಕ್ಸಸ್‌ನಂಥ ರಾಜ್ಯಗಳು ಮಿತಿಗಿಂತ ಗಂಟೆಗೆ 20 ಮೈಲಿ, ಅಂದರೆ ಸುಮಾರು 32 ಕಿ.ಮೀ. ಕಡಿಮೆ ಅಂತ ಅಂಕಿ ಕೊಡುತ್ತವೆ. ಆಸ್ಟ್ರೇಲಿಯಾದ ರಾಜ್ಯಗಳು ಇನ್ನೂ ಬಿಗಿ. ಸೌತ್ ಆಸ್ಟ್ರೇಲಿಯಾದಲ್ಲಿ 2014ರಲ್ಲಿ ಬಂದ ನಿಯಮದ ಪ್ರಕಾರ ಗಂಟೆಗೆ 25 ಕಿ.ಮೀ. ವಿಕ್ಟೋರಿಯಾದಲ್ಲಿ 2017ರಲ್ಲಿ ಬಂದ ನಿಯಮದಲ್ಲಿ 40. ಹೆದ್ದಾರಿಯಲ್ಲಿ ಹೋಗುವವರಿಗೆ ಇದು ಆಮೆನಡಿಗೆ ಅನ್ನಿಸುತ್ತದೆ, ಅಲ್ವಾ? ಆ 40 ಎಲ್ಲಿಂದ ಬಂತು ಅಂತ ತಿಳಿಯಲು ಒಂದು ಚಿಕ್ಕ ಲೆಕ್ಕ ಮಾಡೋಣ.

ನಿಲ್ಲಲು ಎಷ್ಟು ದೂರ ಬೇಕು

ವಾಹನ ನಿಲ್ಲುವುದರಲ್ಲಿ ಎರಡು ಭಾಗ. ಮೊದಲನೆಯದು ಕಣ್ಣು ನೋಡಿ, ತಲೆಗೆ ಹೊಳೆದು, ಕಾಲು ಬ್ರೇಕಿಗೆ ಹೋಗುವ ತನಕದ್ದು. ಎಚ್ಚರವಾಗಿರುವ ಚಾಲಕರಿಗೂ ಇದಕ್ಕೆ ಒಂದೂವರೆ ಸೆಕೆಂಡ್ ಹಿಡಿಯುತ್ತದೆ ಅಂತಿಟ್ಟುಕೊಳ್ಳಿ. ಈ ಹೊತ್ತಿನಲ್ಲಿ ವಾಹನ ಅದೇ ವೇಗದಲ್ಲಿ ಓಡುತ್ತಲೇ ಇರುತ್ತದೆ. ಎರಡನೆಯದು ಬ್ರೇಕ್ ಹಿಡಿದ ಮೇಲೆ ವಾಹನ ಪೂರ್ತಿ ನಿಲ್ಲುವ ತನಕದ್ದು.

ರಸ್ತೆ ಒಣಗಿದೆ, ಟೈರು ಬ್ರೇಕು ಚೆನ್ನಾಗಿವೆ ಅಂದುಕೊಂಡರೆ, ಗಂಟೆಗೆ 40 ಕಿ.ಮೀ. ವೇಗದ ಕಾರು ಈ ಎರಡೂ ಸೇರಿ ಸುಮಾರು 25 ಮೀಟರ್‌ನಲ್ಲಿ ನಿಲ್ಲುತ್ತದೆ. 60ರಲ್ಲಿ ಸುಮಾರು 45 ಮೀಟರ್, 80ರಲ್ಲಿ ಸುಮಾರು 69 ಮೀಟರ್. 100ರಲ್ಲಿ ಸುಮಾರು 97 ಮೀಟರ್. ಮಳೆ ಬಿದ್ದಿದ್ದರೆ, ಟೈರು ಸವೆದಿದ್ದರೆ, ಲಾರಿಯಲ್ಲಿ ಲೋಡ್ ಇದ್ದರೆ ಇನ್ನೂ ಜಾಸ್ತಿ.

ಈ ಅಂಕಿಗಳನ್ನು ಒಂದರ ಪಕ್ಕ ಒಂದು ಇಟ್ಟು ನೋಡಿದರೆ ಗಾಬರಿಯಾಗುತ್ತದೆ. ಒಂದೇ ರಸ್ತೆಯಲ್ಲಿ ಎರಡು ಕಾರು ಅಕ್ಕಪಕ್ಕ ಬರುತ್ತಿವೆ, ಒಂದು 40ರಲ್ಲಿ, ಇನ್ನೊಂದು 100ರಲ್ಲಿ. ಇಬ್ಬರಿಗೂ ಒಂದೇ ಕ್ಷಣದಲ್ಲಿ ಎದುರಿಗೆ ಮನುಷ್ಯ ಕಂಡ. 40ರ ಕಾರು 25 ಮೀಟರ್‌ಗೆ ನಿಂತೇಬಿಟ್ಟಿತು. 100ರ ಕಾರು ಬ್ರೇಕ್ ಮುಟ್ಟುವ ಹೊತ್ತಿಗೇ ಸುಮಾರು 42 ಮೀಟರ್ ಆಗಿರುತ್ತದೆ. ಅಂದರೆ ಮೊದಲನೆಯದು ನಿಂತ ಜಾಗವನ್ನು ಎರಡನೆಯದು ಪೂರ್ತಿ ನೂರರಲ್ಲೇ ದಾಟಿ ಹೋಯಿತು. 60ರಲ್ಲಿದ್ದ ಕಾರು ನಿಲ್ಲುವ ಜಾಗದಲ್ಲಿ ಅದರ ವೇಗ ಇನ್ನೂ ಸುಮಾರು 97 ಇರುತ್ತದೆ. 80ರಲ್ಲಿದ್ದ ಕಾರು ನಿಲ್ಲುವ ಜಾಗದಲ್ಲಿ ಸುಮಾರು 70.

‘ನಾನು ಸ್ವಲ್ಪ ಇಳಿಸಿದ್ದೆ, ಬ್ರೇಕೂ ಹಾಕಿದೆ’ ಅನ್ನುವವರ ಮಾತು ಸುಳ್ಳಲ್ಲ. ಆದರೆ ಆ ಸ್ವಲ್ಪ ಸಾಲುವುದಿಲ್ಲ. ಯಾಕೆಂದರೆ ವೇಗ ಎರಡು ಪಟ್ಟಾದರೆ ಬ್ರೇಕ್ ಎದುರಿಸಬೇಕಾದ ಶಕ್ತಿ ನಾಲ್ಕು ಪಟ್ಟಾಗುತ್ತದೆ. 100ರಲ್ಲಿ ಹೋಗುವ ಕಾರಿನಲ್ಲಿ 40ರ ಕಾರಿಗಿಂತ ಆರು ಪಟ್ಟಿಗೂ ಜಾಸ್ತಿ ಶಕ್ತಿ ತುಂಬಿರುತ್ತದೆ. ನಿಲ್ಲಿಸಲಿಕ್ಕೂ ಅಷ್ಟು ಕಷ್ಟ, ಗುದ್ದಿದರೆ ಪೆಟ್ಟೂ ಅಷ್ಟು.

ಎರಡು ಚಂದ್ರನಷ್ಟು

ಇಷ್ಟಾದರೂ ಒಂದು ಪ್ರಶ್ನೆ ಉಳಿಯುತ್ತದೆ. ಹೆದ್ದಾರಿ ನೇರವಾಗಿದೆ, ಮೋಡ ಇಲ್ಲ, ಮಂಜು ಇಲ್ಲ. ನಿಂತ ವಾಹನ ಅರ್ಧ ಕಿಲೋಮೀಟರ್ ದೂರದಿಂದಲೇ ಕಾಣುತ್ತದೆ. ಆದರೂ ಹಿಂದಿನಿಂದ ಬಂದು ಗುದ್ದುವವರು ಇದ್ದಾರಲ್ಲ, ಅವರಿಗೆ ಕಣ್ಣಿಲ್ಲವಾ?

ಕಣ್ಣಿದೆ. ಕಣ್ಣು ತಿಳಿಸುವುದು ತಡವಾಗುತ್ತದೆ, ಅಷ್ಟೇ.

ಕೈಚಾಚಿ ಕಿರುಬೆರಳಿನಿಂದ ಹುಣ್ಣಿಮೆ ಚಂದ್ರನನ್ನು ಮುಚ್ಚಲು ಆಗುತ್ತದೆ, ಗೊತ್ತಿರಬಹುದು. ಅದು ನಮ್ಮ ಕಣ್ಣಿಗೆ ಅಷ್ಟು ಚಿಕ್ಕದು. 200 ಮೀಟರ್ ದೂರದಲ್ಲಿ ನಿಂತ ಕಾರಿನ ಹಿಂಭಾಗ ಹೆಚ್ಚುಕಡಿಮೆ ಆ ಒಂದು ಚಂದ್ರನಷ್ಟೇ ಅಗಲ ಕಾಣುತ್ತದೆ. ನೀವು ನೂರರ ವೇಗದಲ್ಲಿ ಅದರ ಕಡೆ ಬರುತ್ತಿದ್ದೀರಿ ಅನ್ನಿ. ಮೂರೂವರೆ ಸೆಕೆಂಡ್ ಕಳೆದು, 100 ಮೀಟರ್ ಹತ್ತಿರವಾದ ಮೇಲೂ ಅದು ಕಾಣುವುದು ಬರೀ ಎರಡು ಚಂದ್ರನಷ್ಟು. ಇದ್ದ ದೂರದಲ್ಲಿ ಅರ್ಧ ಮುಗಿದೇಹೋಯಿತು, ಕಣ್ಣಿಗೆ ಕಂಡ ಬದಲಾವಣೆ ಒಂದು ಚಂದ್ರನಷ್ಟು ಮಾತ್ರ. ಆಮೇಲೆ ಎರಡು ಸೆಕೆಂಡಿಗೂ ಮೊದಲೇ ನಾಲ್ಕು ಚಂದ್ರ. ಅದರ ಅರ್ಧದಷ್ಟು ಹೊತ್ತಿನಲ್ಲಿ ಎಂಟು. ಆಗ ಅದು ಒಮ್ಮೆಲೇ ಬಲೂನಿನಂತೆ ಉಬ್ಬಿ ಎದುರಿಗೆ ಬರುತ್ತದೆ. ಆದರೆ ನೂರರ ಕಾರು ನಿಲ್ಲಲು ಬೇಕಾದ 97 ಮೀಟರ್ ಇದ್ದಿದ್ದು ಎರಡು ಚಂದ್ರನಷ್ಟು ಕಾಣುವಾಗ, ನೆನಪಿದೆಯಾ? ಗಾಬರಿ ಹುಟ್ಟುವ ಹೊತ್ತಿಗೆ ಆ ಜಾಗ ಮುಗಿದಿರುತ್ತದೆ.

ಇದರ ಮೇಲೆ ಇನ್ನೊಂದು ಮೋಸ. ಹೆದ್ದಾರಿಯಲ್ಲಿ ಮುಂದೆ ಕಾಣುವ ವಾಹನಗಳೆಲ್ಲ ಓಡುತ್ತಿರುತ್ತವೆ. ತಾಸುಗಟ್ಟಲೆ ಅದನ್ನೇ ನೋಡಿದ ತಲೆ, ಮುಂದಿನದೂ ಓಡುತ್ತಿದೆ ಅಂತಲೇ ಅಂದುಕೊಳ್ಳುತ್ತದೆ. ರಸ್ತೆಗೆ ನೇರವಾಗಿ ನಿಲ್ಲಿಸಿದ ವಾಹನದ ಹಿಂಭಾಗಕ್ಕೂ ಓಡುವ ವಾಹನದ ಹಿಂಭಾಗಕ್ಕೂ ದೂರದಿಂದ ವ್ಯತ್ಯಾಸವೇ ಇಲ್ಲ. ಅದೇ ವಾಹನವನ್ನು ಓರೆಯಾಗಿ ನಿಲ್ಲಿಸಿದರೆ ಪಕ್ಕದ ಮೈ ಸ್ವಲ್ಪ ಕಾಣುತ್ತದೆ. ಓಡುವ ವಾಹನ ಹಾಗೆ ಕಾಣುವುದೇ ಇಲ್ಲ. ಹಾಗಾಗಿ ‘ಓ, ಇದು ನಿಂತಿದೆ’ ಅಂತ ತಲೆಗೆ ಬೇಗ ಹೊಳೆಯುತ್ತದೆ. ಪೊಲೀಸ್ ವಾಹನ, ಅಗ್ನಿಶಾಮಕ ವಾಹನಗಳನ್ನು ರಸ್ತೆಗೆ ಅಡ್ಡಡ್ಡ ನಿಲ್ಲಿಸಿರುವುದನ್ನು ನೋಡಿ ‘ನೆಟ್ಟಗೆ ನಿಲ್ಲಿಸೋಕೆ ಬರಲ್ವಾ’ ಅಂತ ನಾನೇ ಗೊಣಗಿದ್ದುಂಟು. ಅದರ ಹಿಂದೆ ಇಷ್ಟು ಲೆಕ್ಕ ಇದೆ ಅಂತ ಆಮೇಲೆ ಗೊತ್ತಾಯಿತು. ಓರೆ ನಿಂತ ದೊಡ್ಡ ವಾಹನ ಗೋಡೆಯ ಕೆಲಸವನ್ನೂ ಮಾಡುತ್ತದೆ. ಯಾರಾದರೂ ಗುದ್ದಿದರೆ ಪೆಟ್ಟು ಮೊದಲು ಅದಕ್ಕೆ ಬೀಳುತ್ತದೆ.

ಜಾಕೆಟ್ ಇದೆಯಲ್ಲ, ದೀಪ ಇದೆಯಲ್ಲ?

ಕೆಲಸದವರು ಹಾಕುವ ಗಿಣಿಹಸಿರು, ಕಿತ್ತಳೆ ಬಣ್ಣದ ಜಾಕೆಟ್‌ನಲ್ಲಿ ಎರಡು ಬೇರೆ ಬೇರೆ ತಂತ್ರ ಇವೆ. ಆ ಹೊಳೆಯುವ ಬಣ್ಣ ಹಗಲಿಗೆ. ಬಿಸಿಲಿನಲ್ಲಿರುವ, ಕಣ್ಣಿಗೆ ಕಾಣದ ನೇರಳಾತೀತ ಕಿರಣವನ್ನು ಹೀರಿಕೊಂಡು ಕಾಣುವ ಬೆಳಕಾಗಿ ಬಿಡುತ್ತದೆ. ಅದಕ್ಕೇ ಅಷ್ಟು ಕಣ್ಣು ಕುಕ್ಕುವುದು. ರಾತ್ರಿ ಬಿಸಿಲಿಲ್ಲ, ಆ ಬಣ್ಣದ ಆಟ ನಡೆಯದು. ಆಗ ಕೆಲಸಕ್ಕೆ ಬರುವುದು ಬೆಳ್ಳಿ ಬಣ್ಣದ ಪಟ್ಟಿ. ಅದರಲ್ಲಿ ಬಹಳ ಸಣ್ಣ ಗಾಜಿನ ಮಣಿಗಳೋ ಪಟ್ಟಕಗಳೋ ಇರುತ್ತವೆ. ಬೆಳಕು ಯಾವ ಕಡೆಯಿಂದ ಬಂತೋ ಅದೇ ಕಡೆಗೆ ಅದನ್ನು ವಾಪಸ್ ಕಳಿಸುತ್ತವೆ. ನಿಮ್ಮ ಹೆಡ್‌ಲೈಟ್ ಅದರ ಮೇಲೆ ಬಿದ್ದರೆ ಮಾತ್ರ ಅದು ನಿಮಗೆ ಹೊಳೆಯುತ್ತದೆ.

ಈಗ ಮಂಡಿಯೂರಿ ಕೂತ ಆ ಮೆಕ್ಯಾನಿಕ್ ಅನ್ನು ನೆನಪಿಸಿಕೊಳ್ಳಿ. ಬಾಗಿದಾಗ ಪಟ್ಟಿ ಮಡಚಿಕೊಳ್ಳುತ್ತದೆ. ಅರ್ಧ ಮೈ ಕಾರಿನ ಮರೆಗೆ ಹೋಗುತ್ತದೆ. ನಡೆಯುವ ಮನುಷ್ಯನ ಕೈಕಾಲು ಆಡುವ ರೀತಿಯನ್ನು ನಮ್ಮ ಕಣ್ಣು ಬಹಳ ಬೇಗ ಗುರುತಿಸುತ್ತದೆ. ಅದಕ್ಕೇ ಮಣಿಕಟ್ಟು, ಮೊಣಕಾಲು, ಪಾದದ ಗಂಟಿಗೆ ಪಟ್ಟಿ ಇದ್ದರೆ ರಾತ್ರಿ ‘ಅದು ಮನುಷ್ಯ’ ಅಂತ ದೂರದಿಂದಲೇ ಗೊತ್ತಾಗುತ್ತದೆ. ಮುದುಡಿ ಕೂತವರಲ್ಲಿ ಆ ಚಲನೆಯೇ ಇಲ್ಲ. ದೂರಕ್ಕೆ ಅದೊಂದು ಹೊಳೆಯುವ ಚುಕ್ಕೆ, ಕೋನ್ ಕೂಡ ಇರಬಹುದು, ಮೈಲಿಗಲ್ಲೂ ಇರಬಹುದು.

ದೀಪದ ಕಥೆಯೂ ಹಾಗೇ. ವಾಹನದ ಮೇಲೆ ಮಿನುಗುವ ಜೋರು ದೀಪ, ಇಲ್ಲಿ ಏನೋ ಇದೆ ಅಂತ ಹೇಳುತ್ತದೆ ನಿಜ. ಆದರೆ ಕತ್ತಲಲ್ಲಿ ಅದೇ ದೀಪ ಕಣ್ಣು ಕೋರೈಸಿ, ಅದರ ಪಕ್ಕದಲ್ಲಿ ನಡೆದಾಡುವವರನ್ನು ಮರೆಮಾಡುತ್ತದೆ. ಎದುರಿನ ವಾಹನದ ಹೈಬೀಮ್ ಬಿದ್ದಾಗ ರಸ್ತೆ ಅಂಚೇ ಮಾಯವಾಗುತ್ತದಲ್ಲ, ಹಾಗೆ. ಜೊತೆಗೆ, ಎಲ್ಲಿ ನೋಡುತ್ತೇವೋ ಕೈ ಅಲ್ಲಿಗೇ ಸ್ಟೀರಿಂಗ್ ತಿರುಗಿಸುತ್ತದೆ. ಸೈಕಲ್ ಕಲಿಯುವಾಗ ಗುಂಡಿ ನೋಡುತ್ತಾ ಗುಂಡಿಗೇ ಬಿದ್ದವರಿಗೆ ಇದು ಗೊತ್ತು. ಏನಾಗಿದೆ ಅಂತ ಕತ್ತು ತಿರುಗಿಸಿ ನೋಡಿದರೆ ವಾಹನವೂ ಅತ್ತಲೇ ಸ್ವಲ್ಪ ವಾಲುತ್ತದೆ. ನೋಡಬೇಕಾದ್ದು ದೀಪವನ್ನಲ್ಲ, ನಾವು ಹೋಗಬೇಕಾದ ಖಾಲಿ ಜಾಗವನ್ನು.

ಜಾಕೆಟ್, ದೀಪ, ಕೋನ್ ಯಾವುದೂ ವಾಹನವನ್ನು ನಿಲ್ಲಿಸಲಾರವು. ಅವು ಚಾಲಕನಿಗೆ ಹೇಳಬಲ್ಲವು, ಅಷ್ಟೇ.

ಅಷ್ಟು ಜಾಗ ಸುಮ್ನೆ ಖಾಲಿ ಬಿಟ್ಟಿದ್ದಾರಲ್ಲ

ಒಂದು ಕಾರು ಎತ್ತಲು ಒಂದು ಲೇನ್ ಪೂರ್ತಿ ಬಂದ್ ಮಾಡಿದ್ದಾರೆ, ಕೋನ್ ಸಾಲು ಎಷ್ಟೋ ಹಿಂದಿನಿಂದಲೇ ಶುರುವಾಗಿದೆ, ನಡುವೆ ಯಾರೂ ಇಲ್ಲ. ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡವರಿಗೆ ಸಿಟ್ಟು ಬರುವುದು ಸಹಜ. ಓರೆಯಾಗಿ ಇಟ್ಟ ಕೋನ್ ಸಾಲು ವಾಹನಗಳನ್ನು ನಿಧಾನವಾಗಿ ಪಕ್ಕಕ್ಕೆ ತಳ್ಳಲಿಕ್ಕೆ. ಕೋನ್ ಮುಗಿದ ಮೇಲಿನ ಖಾಲಿ ಜಾಗ ತಪ್ಪಿ ಒಳನುಗ್ಗಿದ ವಾಹನ ನಿಲ್ಲಲಿಕ್ಕೆ. ಮೇಲಿನ 97 ಮೀಟರ್ ಲೆಕ್ಕ ಇಲ್ಲಿಗೆ ಬಂತು ನೋಡಿ. ಕೆಲವು ಕಡೆ ಹಿಂಬದಿಗೆ ದೊಡ್ಡ ಪೆಟ್ಟಿಗೆಯಂಥದ್ದು ಕಟ್ಟಿಕೊಂಡ ಲಾರಿಯನ್ನೂ ಅಲ್ಲಿ ನಿಲ್ಲಿಸುತ್ತಾರೆ. ಗುದ್ದಿದರೆ ಅದು ಮುದುರಿಕೊಂಡು ಪೆಟ್ಟನ್ನು ನುಂಗುತ್ತದೆ.

ಟೋಯಿಂಗ್ ಕೆಲಸಕ್ಕೆ ಜಾಗ ಬೇಕೇ ಬೇಕು. ವಿಂಚ್‌ನ, ಅಂದರೆ ಕೇಬಲ್ ಸುತ್ತಿ ಕಾರನ್ನು ಎಳೆಯುವ ಯಂತ್ರದ, ಕೇಬಲ್ ಎಳೆದು ಹುಕ್ ಹಾಕಬೇಕು. ಕಾರನ್ನು ಹಲಗೆಯ ಮೇಲೆ ಏರಿಸಬೇಕು. ನಾಲ್ಕು ಚಕ್ರಕ್ಕೂ ಪಟ್ಟಿ ಬಿಗಿಯಬೇಕು. ಅದರಲ್ಲಿ ಎರಡು ಚಕ್ರ ಯಾವಾಗಲೂ ವಾಹನಗಳು ಓಡಾಡುವ ಕಡೆಗೇ ಇರುತ್ತವೆ. ವಿಂಚ್ ನಡೆಸುವ ಲಿವರ್ ಲಾರಿಯ ಎರಡೂ ಕಡೆ ಇದ್ದರೆ, ಇಲ್ಲವೇ ರಿಮೋಟ್ ಇದ್ದರೆ ಸುರಕ್ಷಿತ ಬದಿಯಲ್ಲಿ ನಿಂತು ಕೆಲಸ ಮಾಡಬಹುದು. ಪಟ್ಟಿ ಬಿಗಿಯಲು ಮಾತ್ರ ಈ ಕಡೆ ಬರಲೇಬೇಕು.

ಗಾಳಿಯದೂ ಒಂದು ಮಾತು. ದೊಡ್ಡ ಲಾರಿ ಜೋರಾಗಿ ಹೋದಾಗ ಮೊದಲು ಗಾಳಿ ಹೊರಗೆ ತಳ್ಳುತ್ತದೆ, ಲಾರಿ ದಾಟಿದ ಮೇಲೆ ಅದರ ಹಿಂದೆಯೇ ಒಳಗೆ ಎಳೆಯುತ್ತದೆ. ಜಾಕ್ ಮೇಲೆ ಮೂರು ಚಕ್ರದಲ್ಲಿ ನಿಂತ ಕಾರು ಅಲುಗಾಡುವುದು ಕಣ್ಣಿಗೇ ಕಾಣುತ್ತದೆ. ಈ ತಳ್ಳಾಟವೂ ವೇಗ ಎರಡು ಪಟ್ಟಾದರೆ ಹೆಚ್ಚುಕಡಿಮೆ ನಾಲ್ಕು ಪಟ್ಟಾಗುತ್ತದೆ. ಯಾರಿಗೂ ತಾಗದೆ ಹೋದೆ ಅಂದ ಮಾತ್ರಕ್ಕೆ ಏನೂ ಆಗಿಲ್ಲ ಅಂತಲ್ಲ. ವೇಗ ಇಳಿಸುವುದರ ಜೊತೆಗೆ ಸರಿಯಲೂ ಹೇಳುವುದು ಅದಕ್ಕೇ.

ಸಟ್ಟನೆ ಬ್ರೇಕ್ ಹಾಕಿದರೆ?

ಇದು ನ್ಯಾಯವಾದ ಅನುಮಾನ. 110ರಲ್ಲಿ ಹೋಗುವವರು ಸಟ್ಟನೆ 40ಕ್ಕೆ ಇಳಿಸಿದರೆ ಹಿಂದಿನವರು ಬಂದು ಗುದ್ದುವುದಿಲ್ಲವಾ? ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ರಾಜ್ಯ ಈ ಪ್ರಶ್ನೆಯನ್ನು ನಿಜವಾಗಿ ಎದುರಿಸಿತು. 2018ರ ಸೆಪ್ಟೆಂಬರ್‌ನಲ್ಲಿ ಅಲ್ಲಿ ಎಲ್ಲ ರಸ್ತೆಗೂ ಒಂದೇ ಅಂಕಿ, 40, ಅಂತ ಪ್ರಯೋಗಕ್ಕೆ ನಿಯಮ ತಂದರು. ವೇಗದ ಹೆದ್ದಾರಿಗಳಲ್ಲಿ ಇದು ಅಪಾಯ ಅಂತ ಆಕ್ಷೇಪ ಬಂತು. ಒಂದು ವರ್ಷದ ನಂತರ, 2019ರ ಸೆಪ್ಟೆಂಬರ್‌ನಲ್ಲಿ ತಿದ್ದಿದರು. ಮಿತಿ 80 ಅಥವಾ ಅದಕ್ಕಿಂತ ಕಡಿಮೆ ಇರುವ ರಸ್ತೆಯಲ್ಲಿ 40ಕ್ಕೆ ಇಳಿಸಬೇಕು. 90 ಅಥವಾ ಅದಕ್ಕಿಂತ ಜಾಸ್ತಿ ಇರುವಲ್ಲಿ ಪರಿಸ್ಥಿತಿ ನೋಡಿ ಸುರಕ್ಷಿತ ವೇಗಕ್ಕೆ ಇಳಿಸಬೇಕು, ಪಕ್ಕದಲ್ಲಿ ಸಾಕಷ್ಟು ಜಾಗ ಬಿಡಬೇಕು. ಅದೇ ತಿದ್ದುಪಡಿಯಲ್ಲಿ ಟೋಯಿಂಗ್ ಮತ್ತು ರಿಪೇರಿ ವಾಹನಗಳನ್ನೂ ಸೇರಿಸಿದರು. ನನ್ನ ಪ್ರಕಾರ ಎರಡನೇ ನಿಯಮವೇ ಜಾಸ್ತಿ ಅರ್ಥ ಇರುವಂಥದ್ದು. ಆದರೆ ‘ಸುರಕ್ಷಿತ ವೇಗ’ ಎಷ್ಟು ಅಂತ ಚಾಲಕರ ವಿವೇಚನೆಗೆ ಬಿಟ್ಟಾಗ, ಆ ವಿವೇಚನೆಗೆ ಮೇಲಿನ ಲೆಕ್ಕ ಗೊತ್ತಿರಬೇಕಾಗುತ್ತದೆ.

ಹಾಗಾಗಿ ಉತ್ತರ ಇರುವುದು ಎಷ್ಟು ಜೋರಾಗಿ ಬ್ರೇಕ್ ಹಾಕಬೇಕು ಅನ್ನುವುದರಲ್ಲಿ ಅಲ್ಲ, ಎಲ್ಲಿಂದ ಶುರುಮಾಡಬೇಕು ಅನ್ನುವುದರಲ್ಲಿ. ನೂರರಿಂದ ನಲವತ್ತಕ್ಕೆ, ಒಳಗಿದ್ದವರಿಗೆ ಗೊತ್ತೇ ಆಗದಂತೆ ನಯವಾಗಿ ಇಳಿಸಲು ಸುಮಾರು 200 ಮೀಟರ್ ಬೇಕು. ಆ ಇಳಿಕೆ ಕೆಲಸದ ಜಾಗಕ್ಕೆ ಮೊದಲೇ ಮುಗಿದಿರಬೇಕು. ಅಂದರೆ ದೀಪ ಇನ್ನೂ ಬರೀ ಚುಕ್ಕೆಯಂತೆ ಕಾಣುವಾಗಲೇ, ‘ಇನ್ನೂ ದೂರ ಇದೆ’ ಅನ್ನಿಸುವಾಗಲೇ ಆಕ್ಸಿಲರೇಟರ್‌ನಿಂದ ಕಾಲು ತೆಗೆಯಬೇಕು. ಮಿರರ್ ನೋಡಿ, ಬ್ರೇಕನ್ನು ಒಂದೆರಡು ಸಲ ಹಗುರವಾಗಿ ಒತ್ತಿದರೆ ಹಿಂದಿನವರಿಗೆ ಕೆಂಪು ದೀಪ ಕಾಣುತ್ತದೆ. ಪಕ್ಕದ ಲೇನ್ ಖಾಲಿ ಇದ್ದರೆ ಇಂಡಿಕೇಟರ್ ಹಾಕಿ ಸರಿಯಬಹುದು. ನೀವು ಬೇಗ ಸರಿದರೆ ಇನ್ನೊಂದು ಲಾಭ ಇದೆ. ನಿಮ್ಮ ವಾಹನದ ಮರೆಯಲ್ಲಿ ಏನೂ ಕಾಣದೆ ಬರುತ್ತಿದ್ದವರಿಗೆ ಮುಂದಿನದು ಕಾಣುತ್ತದೆ. ಕೊನೇ ಗಳಿಗೆಯಲ್ಲಿ ಸರ್ರನೆ ತಪ್ಪಿಸಿದರೆ ಆ ಹಿಂದಿನವರಿಗೆ ಇದ್ದಕ್ಕಿದ್ದಂತೆ ನಿಂತ ವಾಹನ ಎದುರಾಗುತ್ತದೆ, ಅವರಿಗೆ ತಪ್ಪಿಸಲು ಹೊತ್ತೇ ಇರುವುದಿಲ್ಲ.

ಪಕ್ಕದ ಲೇನಿನಲ್ಲಿ ವಾಹನ ಇದ್ದರೆ ಬಲವಂತವಾಗಿ ನುಗ್ಗಬೇಡಿ. ಎದುರು ವಾಹನ ಬರುವ ಎರಡೇ ಲೇನಿನ ರಸ್ತೆಯಲ್ಲಿ ಆ ಕಡೆಗೆ ಹೋಗಲೂ ಬೇಡಿ. ಅಲ್ಲಿ ವೇಗ ಇನ್ನಷ್ಟು ಇಳಿಸುವುದೊಂದೇ ದಾರಿ. ಎದುರು ದಿಕ್ಕಿನಿಂದ ಬರುವವರಿಗೂ ನಿಯಮ ಅನ್ವಯಿಸುವ ಕಡೆಗಳಿವೆ. ನ್ಯೂ ಸೌತ್ ವೇಲ್ಸ್‌ನಲ್ಲಿ ನಡುವೆ ಡಿವೈಡರ್ ಇಲ್ಲದಿದ್ದರೆ ಎರಡೂ ಕಡೆಯವರು ಇಳಿಸಬೇಕು.

ಇನ್ನು, ವೇಗ ಇಳಿದಿದೆಯಾ ಅಂತ ನೋಡಲು ಮೈಯನ್ನು ನಂಬಬಾರದು, ಮೀಟರ್ ನೋಡಬೇಕು. ಎರಡು ತಾಸು ನೂರರಲ್ಲಿ ಓಡಿಸಿದವರಿಗೆ 60 ಅಂದರೆ ಬಹುತೇಕ ನಿಂತಂತೆಯೇ ಅನ್ನಿಸುತ್ತದೆ. ‘ಸಾಕಷ್ಟು ಇಳಿಸಿದ್ದೇನೆ’ ಅಂತ ಅಂದುಕೊಂಡಾಗ ಮುಳ್ಳು 70ರಲ್ಲಿರುತ್ತದೆ.

ಕಾರೇ ನೋಡಿಕೊಳ್ಳುತ್ತದೆ ಅನ್ನುವವರಿಗೆ

ಮುಂದಿನ ವಾಹನ ನೋಡಿ ತಾನೇ ವೇಗ ಹೊಂದಿಸಿಕೊಳ್ಳುವ ಕಾರುಗಳು ಈಗ ಬಹಳ ಇವೆ. ವಿಚಿತ್ರ ಅಂದರೆ, ಇಂಥ ಹಲವು ವ್ಯವಸ್ಥೆಗಳಿಗೆ ಜಾಸ್ತಿ ಕಷ್ಟ ಕೊಡುವುದು ನಿಂತ ವಾಹನವೇ. ರಾಡಾರ್ ಕಣ್ಣಿಗೆ ರಸ್ತೆ ಫಲಕ, ಸೇತುವೆ, ಕಂಬ ಎಲ್ಲವೂ ‘ನಿಂತ ವಸ್ತು’. ಪ್ರತಿಯೊಂದಕ್ಕೂ ಬ್ರೇಕ್ ಹಾಕುತ್ತಾ ಹೋದರೆ ಕಾರು ಓಡಿಸಲಾಗದು. ಅದಕ್ಕೇ ಹೆಚ್ಚು ವೇಗದಲ್ಲಿ ನಿಂತ ವಸ್ತುಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳದಂತೆ ಅನೇಕ ವ್ಯವಸ್ಥೆಗಳನ್ನು ಮಾಡಿರುತ್ತಾರೆ. ಆ ಜರಡಿಯಲ್ಲಿ ರಸ್ತೆ ಬದಿಯ ಲಾರಿಯೂ ಸೋರಿಹೋಗಬಹುದು. 2021ರ ಆಗಸ್ಟ್‌ನಲ್ಲಿ ಅಮೆರಿಕದ ರಸ್ತೆ ಸುರಕ್ಷತಾ ಸಂಸ್ಥೆ ಟೆಸ್ಲಾ ಕಾರುಗಳ ಆಟೊಪೈಲಟ್ ಬಗ್ಗೆ ತನಿಖೆ ಶುರುಮಾಡಿತು. ತುರ್ತು ಕೆಲಸದ ವಾಹನಗಳು ನಿಂತ ಜಾಗಗಳಲ್ಲಿ ಆದ 11 ಡಿಕ್ಕಿಗಳು ಅದಕ್ಕೆ ಕಾರಣ. ಹೆಚ್ಚಿನವು ಕತ್ತಲಾದ ಮೇಲೆ ಆದವು. ದೀಪ, ಕೋನ್, ಬಾಣದ ಗುರುತು ಎಲ್ಲ ಇದ್ದ ಜಾಗಗಳವು.

ಎಷ್ಟು ಹೊತ್ತು ಹೋಗುತ್ತದೆ

ಅರ್ಧ ಕಿಲೋಮೀಟರ್ ದೂರವನ್ನು ನೂರರಲ್ಲಿ ದಾಟಲು 18 ಸೆಕೆಂಡ್ ಬೇಕು. ನಲವತ್ತರಲ್ಲಿ 45 ಸೆಕೆಂಡ್. ತಡವಾಗುವುದು 27 ಸೆಕೆಂಡ್. ಇಳಿಸುವ, ಮತ್ತೆ ಏರಿಸುವ ಹೊತ್ತು ಸೇರಿಸಿದರೂ ಅರ್ಧ ನಿಮಿಷದ ಆಸುಪಾಸು. ಒಂದು ಸಿಗ್ನಲ್‌ನಲ್ಲಿ ಇದಕ್ಕಿಂತ ಜಾಸ್ತಿ ನಿಲ್ಲುತ್ತೇವೆ.

ಕೊನೆಯ ಕೆಲಸಗಾರನನ್ನೂ ಕೊನೆಯ ಕೋನನ್ನೂ ದಾಟುವ ತನಕ ವೇಗ ಏರಿಸಬಾರದು. ಕಾರು ಎಳೆಯುವವರು ಅದರ ಮುಂಭಾಗದಲ್ಲೂ ಇರುತ್ತಾರೆ, ನಮಗೆ ಕಾಣದ ಕಡೆಯಿಂದ ಹಗ್ಗ ಹಿಡಿದು ಬರುತ್ತಿರುತ್ತಾರೆ.

ಅವತ್ತು ನನ್ನ ಮೆಕ್ಯಾನಿಕ್ ಕ್ಲಚ್ ಸರಿಹೋಗುವುದಿಲ್ಲ ಅಂತ ಹೇಳಿ, ಟೋಯಿಂಗ್ ಲಾರಿಗೆ ಫೋನ್ ಮಾಡಿದರು. ಕಾರಿನ ಮುಂದೆ ಮಂಡಿಯೂರಿ ಎಳೆಯುವ ಕೊಂಡಿ ತಿರುಗಿಸುತ್ತಿದ್ದರು. ನಾನು ಕ್ರ್ಯಾಶ್ ಬ್ಯಾರಿಯರ್ ಆಚೆ ನಿಂತಿದ್ದೆ. ಸಾಲಾಗಿ ವಾಹನ ಹೋಗುತ್ತಿದ್ದವು, ಪ್ರತಿ ಸಲವೂ ಟೈರಿನ ಸದ್ದು ಕಿವಿಗೆ ಅಪ್ಪಳಿಸುತ್ತಿತ್ತು. ನಡುವೆ ಒಂದು ಲಾರಿಯ ಸದ್ದು ಬೇರೆ ಥರ ಬಂತು. ದೂರದಲ್ಲೇ ತಗ್ಗಿತು, ಆಮೇಲೆ ಆಚೆ ಲೇನಿನ ಕಡೆಗೆ ಹೋಯಿತು. ಮೆಕ್ಯಾನಿಕ್ ತಲೆ ಎತ್ತಲಿಲ್ಲ, ಕೊಂಡಿ ತಿರುಗಿಸುವುದನ್ನೂ ನಿಲ್ಲಿಸಲಿಲ್ಲ.

‘ಇವನು ಸರಿದ ನೋಡಿ ಸಾರ್’ ಅಂದರು.